ಹೆಚ್ಚಳದ ಸುದ್ದಿ ಬಂತು, ಹಣ ಬಂತೇ?



"ಕಾಲೇಜು ಮೇಷ್ಟ್ರಿಗೇನು, ಕೈತುಂಬ ಸಂಬಳ, ಬೇಕಾದಷ್ಟು ರಜೆ" ಅಂತ ನಾವು ಮಾತಾಡಿಕೊಳ್ಳುವುದುಂಟು. ನಮ್ಮ ವಿಜಯನಗರ, ಬಸವೇಶ್ವರನಗರದ ಕಡೆಯಿಂದ ಜ್ಞಾನಭಾರತಿಗೂ ಸುತ್ತಮುತ್ತಲ ಕಾಲೇಜುಗಳಿಗೂ ಪಾಠ ಹೇಳಲು ಹೋಗುವವರು ಬಹಳ ಮಂದಿ. ಅವರ ಮನೆಯ ಗೃಹಿಣಿಯರನ್ನು ಕೇಳಿ ನೋಡಿ, ಬೇರೆಯೇ ಕಥೆ ಹೇಳುತ್ತಾರೆ.

ಖಾಯಂ ಅಧ್ಯಾಪಕರ ವೇತನವನ್ನು ದೆಹಲಿಯ ಯುಜಿಸಿ ಸೂಚಿಸುತ್ತದೆ. ಆದರೆ ಅಷ್ಟಕ್ಕೇ ದುಡ್ಡು ಬರುವುದಿಲ್ಲ. ರಾಜ್ಯ ಸರ್ಕಾರ ಒಪ್ಪಬೇಕು, ಆರ್ಥಿಕ ಇಲಾಖೆ ಹ್ಞೂಂ ಅನ್ನಬೇಕು, ಆಮೇಲೆ ಆದೇಶ. 2016ರ ಜನವರಿ 1ರಿಂದ ಲೆಕ್ಕಕ್ಕೆ ಬರಬೇಕಿದ್ದ ವೇತನಕ್ಕೆ ನಮ್ಮ ರಾಜ್ಯದ ಆದೇಶ ಹೊರಟದ್ದು 2019ರಲ್ಲಿ! ಅಧ್ಯಾಪಕರ ಸಂಘಗಳು ಮನವಿ ಕೊಟ್ಟು, ಧರಣಿ ಕೂತು ನೆನಪಿಸುತ್ತಲೇ ಇರಬೇಕಾಯಿತು.

ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ. ಹೆಸರಿಗೆ ಅತಿಥಿ, ದುಡಿಮೆ ಮನೆಯವರದು! ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ, ಹೆಣ್ಣುಮಕ್ಕಳೂ ಬಹಳ. 2022ರ ತನಕ ಅವರ ಗೌರವಧನ ತಿಂಗಳಿಗೆ 11 ಸಾವಿರ, 13 ಸಾವಿರ ರೂಪಾಯಿ. ಮುಷ್ಕರ ಮಾಡಿದ ಮೇಲೆ, ಆ ವರ್ಷದ ಜನವರಿಯಲ್ಲಿ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರದವರೆಗೆ ಏರಿತು. ಮತ್ತೆ 2023ರ ನವೆಂಬರಿನಲ್ಲಿ ತರಗತಿ ಬಿಟ್ಟು ಕೂತರು. ಸೇವೆ ಖಾಯಂ ಮಾಡಿ ಎನ್ನುತ್ತ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದರು. 2024ರ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ ಘೋಷಣೆಯಾಯಿತು. ಆದರೆ ಕೇಳಿದ್ದ ಖಾಯಮಾತಿ ಮಾತ್ರ ಸಿಗಲಿಲ್ಲ.

ಇನ್ನೊಂದು ಮಾತು. ತಡವಾದ ಹೆಚ್ಚಳಕ್ಕೆಲ್ಲ ಹಿಂಬಾಕಿ ಬಂದೇ ಬರುತ್ತದೆ ಅಂತಿಲ್ಲ. ರಾಜ್ಯದ ಏಳನೇ ವೇತನ ಆಯೋಗದ ಸಂಬಳವನ್ನು ಕಾಗದದ ಮೇಲೆ ಲೆಕ್ಕ ಹಾಕಿದ್ದು 2022ರ ಜುಲೈನಿಂದ. ಹಣ ಸಿಕ್ಕಿದ್ದು 2024ರ ಆಗಸ್ಟಿನಿಂದ. ನಡುವಿನ 25 ತಿಂಗಳ ಹಿಂಬಾಕಿ ಇಲ್ಲ. ಅದನ್ನೇ ನಂಬಿ ಸಾಲ ಮಾಡಿದ ಮನೆ ಏನಾಗಬೇಕು, ಹೇಳಿ?

ಆದ್ದರಿಂದ ಸಂಬಳದ ಮನೆಯ ಗೃಹಿಣಿಯರು ಕೆಲವು ವಿಷಯ ನೆನಪಿಡುವುದು ಒಳ್ಳೆಯದು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ. ಹೆಚ್ಚಳ ಪಾಸ್‌ಬುಕ್ಕಿಗೆ ಬರುವ ತನಕ ಹಳೇ ಸಂಬಳದಲ್ಲೇ ಮನೆ ನಡೆಸಿ. ಹೊಸ ಚೀಟಿ, ಹೊಸ ಕಂತು ಬೇಡ.

ನೇಮಕದ ಪತ್ರ, ಸಂಬಳದ ಚೀಟಿ, ಆದೇಶದ ಪ್ರತಿ ಇವನ್ನೆಲ್ಲ ವರ್ಷವಾರು ಒಂದು ಫೈಲಿನಲ್ಲಿ ಜೋಡಿಸಿಡಿ. ಸೇವಾವಧಿಯ ಮೇಲೆ ಹಣ ನಿಗದಿಯಾಗುವಾಗ ಕಳೆದುಹೋದ ಒಂದು ಕಾಗದದಿಂದ ಸಾವಿರಾರು ರೂಪಾಯಿ ಕೈತಪ್ಪೀತು.

ಹಿಂಬಾಕಿ ಬಂದರೆ ಮೊದಲು ಗಿರವಿಯಲ್ಲಿರುವ ಒಡವೆ ಬಿಡಿಸಿ, ಆಮೇಲೆ ಮಕ್ಕಳ ಫೀಸು, ಸೀರೆ ಕೊನೆಗೆ. ಹಲವು ವರ್ಷದ ಬಾಕಿ ಒಟ್ಟಿಗೆ ಬಂದು ತೆರಿಗೆ ಹೆಚ್ಚಾದರೆ ಅದಕ್ಕೆ ಪರಿಹಾರವೂ ಉಂಟು. ಅದಕ್ಕೆಂದೇ ಬೇರೊಂದು ಫಾರಂ ಇದೆ. ರಿಟರ್ನ್ಸ್ ಸಲ್ಲಿಸುವ ಮೊದಲೇ ತುಂಬಬೇಕು. ಯಜಮಾನರಿಗೆ ನೆನಪಿಸಿ.

ಸಂಘದ ಚಂದಾ ಕೊಡುವಾಗ ಗೊಣಗಬೇಡಿ. ಒಬ್ಬೊಬ್ಬರೇ ಕೇಳಿದರೆ ಅರ್ಜಿ ಮೂಲೆ ಸೇರುತ್ತದೆ, ಹತ್ತು ಸಾವಿರ ಮಂದಿ ಕೇಳಿದರೆ ಮಂತ್ರಿಗಳೂ ಮಾತಿಗೆ ಕೂರುತ್ತಾರೆ. ಮುಷ್ಕರದಿಂದ ಮಕ್ಕಳ ಪಾಠ ನಿಂತಾಗ ನಮಗೆ ಸಿಟ್ಟು ಬರುವುದು ಸಹಜ. ಆದರೆ ಆ ಪಾಠ ಹೇಳುವವಳ ಮನೆಯಲ್ಲೂ ಹಾಲಿನವನಿಗೆ ತಿಂಗಳ ಲೆಕ್ಕ ಕೊಡಬೇಕಲ್ಲವೇ?