ನೀರು ಒಂದೇ, ಜಗಳ ನೂರು!



ಪ್ರೆಸ್ ಇಟ್ಟುಕೊಂಡವನಿಗೆ ಊರಿನ ಮದುವೆಯೂ ಮೊದಲೇ ಗೊತ್ತಾಗುತ್ತದೆ, ಜಗಳವೂ ಮೊದಲೇ ಗೊತ್ತಾಗುತ್ತದೆ. ಲಗ್ನಪತ್ರಿಕೆ ಮಾಡಿಸುವವರು ನಗುತ್ತ ಬರುತ್ತಾರೆ. ಕರಪತ್ರ ಮಾಡಿಸುವವರು ಹಲ್ಲು ಕಡಿಯುತ್ತ ಬರುತ್ತಾರೆ. ಕೆಲವು ವರ್ಷಗಳ ಹಿಂದೆ, ಕಾಲುವೆಯಲ್ಲಿ ನೀರು ಕಡಿಮೆಯಾದ ಒಂದು ಬೇಸಿಗೆಯಲ್ಲಿ, ಒಂದೇ ಉಪಕಾಲುವೆಯ ಎರಡು ಊರಿನವರು ಒಂದೇ ವಾರದಲ್ಲಿ ಲಿಂಗಸುಗೂರಿನ ನಮ್ಮ ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ಮೇಲಿನ ಊರಿನವರ ಕರಪತ್ರದಲ್ಲಿ ಕೆಳಗಿನವರು ಗೂಂಡಾಗಳು. ಕೆಳಗಿನ ಊರಿನವರ ಕರಪತ್ರದಲ್ಲಿ ಮೇಲಿನವರು ನೀರುಗಳ್ಳರು. ಮಿಕ್ಕ ಮಾತೆಲ್ಲ ಒಂದೇ! ‘ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ’ ಎಂಬ ಸಾಲು ಎರಡರಲ್ಲೂ ಇತ್ತು.

ಎರಡನ್ನೂ ಅಚ್ಚು ಹಾಕಿದೆವು. ಎರಡಕ್ಕೂ ದುಡ್ಡು ಎಣಿಸಿಕೊಂಡೆವು. ಹದಿನೈದು ದಿನಕ್ಕೆ ತೂಬಿನ ಹತ್ತಿರ ಬಡಿದಾಟವಾಗಿ ಎರಡೂ ಕಡೆಯವರ ತಲೆ ಒಡೆಯಿತು. ನೋಡಲು ಆಸ್ಪತ್ರೆಗೆ ಹೋದರೆ, ಅಕ್ಕಪಕ್ಕದ ಮಂಚದ ಮೇಲೆ ಮಲಗಿದ್ದ ಇಬ್ಬರೂ ನಮ್ಮ ಗಿರಾಕಿಗಳು. ಆ ಎರಡೂ ಕರಪತ್ರಗಳ ಅಡಿಯಲ್ಲಿ ಇದ್ದದ್ದು ನಮ್ಮ ಪ್ರೆಸ್ಸಿನ ಹೆಸರು. ಅಂದಿನಿಂದ ಒಂದು ಪ್ರಶ್ನೆ ಬೆನ್ನು ಬಿಟ್ಟಿಲ್ಲ: ಮನುಷ್ಯ ಮನುಷ್ಯನೊಂದಿಗೆ ಹೊಂದಿಕೊಂಡು ಬಾಳುವುದು ಯಾಕೆ ಇಷ್ಟು ಕಷ್ಟ?

ಭಾಷೆ ಬೇರೆ, ಜಾತಿ ಬೇರೆ, ಅದಕ್ಕೇ ಜಗಳ ಎನ್ನುವವರಿದ್ದಾರೆ. ಆದರೆ ಆ ಎರಡೂ ಊರಿನವರು ಕನ್ನಡಿಗರೇ! ಒಂದೇ ಜಾತ್ರೆಯಲ್ಲಿ ತೇರು ಎಳೆಯುವವರು, ಹೆಣ್ಣು ಕೊಟ್ಟು ತಂದವರು. ಒಂದೇ ತಾಯಿಯ ಹಾಲು ಕುಡಿದ ಅಣ್ಣತಮ್ಮಂದಿರು ಬದುವಿನ ಒಂದು ಗೇಣು ಮಣ್ಣಿಗಾಗಿ ಕೋರ್ಟು ಹತ್ತುವುದನ್ನು ನಾವು ದಿನಾ ನೋಡುತ್ತಿಲ್ಲವೇ? ಅಲ್ಲಿ ಯಾವ ಭಾಷೆ ಅಡ್ಡ ಬಂತು?

ಜಗಳದ ಬೇರು ಬೇರೆ ಕಡೆ ಇದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಮಾಡಿದ್ದು ಬರದ ಸೀಮೆಯ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ ಎಂದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಸಾಕಾಗುವ ಲೆಕ್ಕ ಅದು. ಆದರೆ ಗಂಗಾವತಿ, ಸಿಂಧನೂರಿನ ಮೇಲ್ಭಾಗದಲ್ಲಿ ಭತ್ತ ಬಂತು. ಅಕ್ಕಿ ಗಿರಣಿ ಬಂದವು, ಸಾಲ ಬಂತು, ಮಾರುಕಟ್ಟೆ ಬಂತು. ಬೆಳೆಯ ನಿಯಮ ಮಾತ್ರ ಕಾಗದದಲ್ಲೇ ಉಳಿಯಿತು. ಇತ್ತ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿ ನಿಲ್ಲುತ್ತದೆ. ಬೇಡಿಕೆ ಏರಿತು, ನೀರು ಇಳಿಯಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತ ಒಣ ಕಾಲುವೆಯಲ್ಲಿ ನಿಂತು ಮೇಲೆ ನೋಡುತ್ತಾನೆ. ಕಾಲುವೆ ದಡದಲ್ಲಿ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದ್ದನ್ನೂ ನೋಡಿದ್ದೇವೆ.

ತನ್ನ ಪಾಲು ಎಷ್ಟು ಎಂದು ಕಣ್ಣಿಗೆ ಕಾಣದಿದ್ದಾಗ ನೆರೆಯವನು ಕಳ್ಳನಾಗಿ ಕಾಣುತ್ತಾನೆ. ಇದೇ ಬೇರು! ಭಾಷೆ, ಜಾತಿ, ಪಕ್ಷ ಎಲ್ಲ ಆಮೇಲೆ ಆ ಸಂಶಯಕ್ಕೆ ಹೊದಿಸುವ ಅಂಗಿಗಳು. ಅಂಗಿ ಹೊಲಿದು ಕೊಡುವ ಪುಢಾರಿಗಳಿಗಂತೂ ನಮ್ಮಲ್ಲಿ ಬರವಿಲ್ಲ.

ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಹೊಲ ಕೊಂಡು ಕ್ಯಾಂಪು ಕಟ್ಟಿಕೊಂಡರು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಸರ್ಕಾರ ನೆಲೆ ಕೊಟ್ಟಿತು. ಮೊಮ್ಮಕ್ಕಳು ಹುಟ್ಟಿದರೂ ಅವರು ಇನ್ನೂ ‘ಕ್ಯಾಂಪಿನವರು’. ಈ ನೆಲದ ನೀರು ಕುಡಿದವನು ಈ ನೆಲದ ಮಾತು ಕಲಿಯಲೇಬೇಕು, ಇದರಲ್ಲಿ ರಾಜಿ ಇಲ್ಲ. ಆದರೆ ಎದೆ ಮುಟ್ಟಿಕೊಂಡು ಹೇಳೋಣ: ಕನ್ನಡ ಕಲಿಸಲು ನಾವು ಎಷ್ಟು ಸಲ ಅವರ ಅಂಗಳಕ್ಕೆ ಹೋಗಿದ್ದೇವೆ? ಬೈಯಲು ಎಷ್ಟು ಸಲ ಹೋಗಿದ್ದೇವೆ?

2024ರ ಆಗಸ್ಟ್ 10ರ ರಾತ್ರಿ ನೆನಪಿಸಿಕೊಳ್ಳಿ. ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ನೀರು ಕಣ್ಣೆದುರೇ ನದಿಪಾಲು! ತೆಲುಗು ನಾಡಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತರು. ಹರಿಯುವ ನೀರಿನಲ್ಲೇ ಕೂಲಿ ಕಾರ್ಮಿಕರು, ಇಂಜಿನಿಯರುಗಳು ಜೀವ ಒತ್ತೆಯಿಟ್ಟು, ಒಂದು ವಾರದಲ್ಲಿ ತಡೆ ಹಲಗೆಗಳನ್ನು ಇಳಿಸಿ ಉಳಿದ ನೀರು ಕಾಪಾಡಿದರು. ಆಗ ಮೇಲಿನವ, ಕೆಳಗಿನವ, ಕ್ಯಾಂಪಿನವ ಎಲ್ಲರೂ ಒಂದೇ ದೇವರಿಗೆ ಕೈ ಮುಗಿದಂತೆ ಆ ಗೇಟಿಗೆ ಕೈ ಮುಗಿದರು. ಯಾಕೆ? ನಷ್ಟ ಎಲ್ಲರಿಗೂ ಕಾಣುತ್ತಿತ್ತು. ಕಂಡಾಗ ಕೂಡುತ್ತೇವೆ, ಕಾಣದಿದ್ದಾಗ ಕಾದಾಡುತ್ತೇವೆ.

ನಮಗೆ ಬುದ್ಧಿ ಹೇಳುವವರು ಇರಲಿಲ್ಲವೆಂದಲ್ಲ. 1915ರಲ್ಲಿ ನಮ್ಮ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಧರ್ಮದಿಂದ ನಡೆದರೆ ದೊಡ್ಡವನಷ್ಟೇ ಅಲ್ಲ, ಸಣ್ಣವನೂ ಮೇಲೇರಬಹುದು ಎಂಬುದು ಅದರ ಸಾರ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಸಿಕ್ಕ ಕಲ್ಲಿನಲ್ಲಿ ಅವನ 12ನೇ ಬಂಡೆ ಶಾಸನದ ಭಾಗವಿದೆ. ಮಾತಿಗೆ ಹಿಡಿತವಿರಲಿ, ತನ್ನದನ್ನು ಹೊಗಳಲು ಇನ್ನೊಬ್ಬರದನ್ನು ತೆಗಳುವವನು ಕಡೆಗೆ ತನ್ನದನ್ನೇ ಕೆಡಿಸುತ್ತಾನೆ ಎಂಬುದು ಆ ಶಾಸನದ ತಿರುಳು. ಎರಡು ಸಾವಿರ ವರ್ಷ ದಾಟಿದ ಮಾತು, ಇಂದಿನ ಕರಪತ್ರಕ್ಕೇ ಹೇಳಿದಂತಿದೆ!

ಬುದ್ಧಿಮಾತಿನಿಂದಲೇ ಹೊಟ್ಟೆ ತುಂಬುವುದಿಲ್ಲ, ಲೆಕ್ಕ ಬೇಕು. ನಿಜಾಮನ ಕಾಲದಲ್ಲಿ ಸರ್ಕಾರಿ ಕಾಗದ ಉರ್ದುವಿನಲ್ಲಿತ್ತು. ಓದಿ ಹೇಳುವವನೇ ದೊರೆಯಾಗಿದ್ದ. 1948ರ ಸೆಪ್ಟೆಂಬರಿಗೆ ಆ ಆಳ್ವಿಕೆ ಮುಗಿಯಿತು. ಆದರೆ ಕ್ಯೂಸೆಕ್ ಎಂದರೆ ಇಂದಿನ ರೈತನಿಗೂ ಅಷ್ಟೇ ದೂರ. ಅವನಿಗೆ ಬೇಕಾದದ್ದು ಯಾವ ದಿನ, ಎಷ್ಟು ತಾಸು, ಗೇಜಿನಲ್ಲಿ ಎಷ್ಟು ಅಡಿ ಎಂಬ ಮಾತು. ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಪ್ರತಿ ಉಪಕಾಲುವೆಯ ತಲೆಯಲ್ಲಿ ಕನ್ನಡ ಫಲಕ ನಿಲ್ಲಿಸಿ, ನೀರಿನ ಪಾಳಿ ಮತ್ತು ದಿನದ ಅಳತೆ ಬರೆಯಬೇಕು. ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪ್ರತಿ ಪಂಚಾಯಿತಿ ಗೋಡೆಯ ಮೇಲೆ ರೈತನ ಕನ್ನಡದಲ್ಲಿ ಇರಬೇಕು. ಅಕ್ರಮ ಪಂಪ್‌ಸೆಟ್ಟು ದೊಡ್ಡವನದಾದರೂ ಕೀಳಬೇಕು. ಕ್ಯಾಂಪಿನ ಶಾಲೆಗಳಲ್ಲಿ ಕನ್ನಡ ಮೇಷ್ಟ್ರ ಜಾಗ ಖಾಲಿ ಬಿಡಬಾರದು.

ಬೇರೆಯವರಿಗೆ ಹೇಳುವ ಮೊದಲು ನಾವು ಮಾಡಬೇಕಲ್ಲ! ಜನರನ್ನು ಹೆಸರಿಟ್ಟು ಹೀಯಾಳಿಸುವ ಕರಪತ್ರವನ್ನು ನಮ್ಮ ಪ್ರೆಸ್ಸಿನಲ್ಲಿ ನಿಲ್ಲಿಸಿದ್ದೇವೆ. ಕೆಲವು ಹಳೆಯ ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು. ಹೋಗಲಿ. ಯಾವ ಊರಿನವರಾದರೂ ಮೇಲಿನವರೂ ಕೆಳಗಿನವರೂ ಕೂಡಿ ಸಹಿ ಹಾಕಿದ ನೀರಿನ ಪಾಳಿ ತಂದರೆ, ಕಾಗದದ ಖರ್ಚು ಮಾತ್ರ ತೆಗೆದುಕೊಂಡು ಅಚ್ಚು ಹಾಕಿಕೊಡುತ್ತೇವೆ.

ಲಗ್ನಪತ್ರಿಕೆಗೆ ಬಂದಂತೆ ನಗುತ್ತ ಬನ್ನಿ. ಪ್ರೆಸ್ಸಿನ ಬಾಗಿಲು ತೆರೆದಿದೆ.