ಎಲೆಯಡಿಕೆಯ ಸುಣ್ಣ, ಮಗುವಿನ ಕಣ್ಣು

ಸಂಜೆ ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ಮನೆಯ ಕಡೆ ನಡೆಯುವಾಗ ನಮಗೆ ನಿತ್ಯದ ಕೆಲಸವೊಂದುಂಟು. ತಾಯಿಯವರಿಗೆ ವೀಳ್ಯದೆಲೆ, ಅಡಿಕೆ, ಸುಣ್ಣ ಕೊಳ್ಳುವುದು. ಊರಿನಲ್ಲಿ ಅವರ ಸುಣ್ಣ ಹಿತ್ತಾಳೆಯ ಡಬ್ಬಿಯಲ್ಲಿರುತ್ತಿತ್ತು. ಇಲ್ಲಿ ಅದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ. ಹಿಸುಕಿದರೆ ಬಲೂನಿನಂತೆ ಮೆತ್ತಗೆ. ಮಕ್ಕಳಿಗೆ ಇನ್ನೇನು ಬೇಕು?

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ನಾಲ್ಕು ವರ್ಷದ ಮಗಳು ಅದನ್ನು ಎರಡೂ ಕೈಗಳಿಂದ ಹಿಸುಕಿದಳು. ಪೊಟ್ಟಣ ಒಡೆದು ಸುಣ್ಣ ಬಲಗಣ್ಣಿಗೆ ಸಿಡಿಯಿತು. ಬಿ.ಎ. ಪಾಸು ಮಾಡಿ ಕಛೇರಿಯಲ್ಲಿ ದಿನವೂ ಹತ್ತಾರು ಕಡತ ತಿರುವುವ ನಾವು ಏನು ಮಾಡಿದೆವು? ಚಪ್ಪಲಿ ಹುಡುಕಿದೆವು, ರಿಕ್ಷಾ ಕರೆಯಲು ಓಡಿದೆವು. ತಾಯಿಯವರು ಕಣ್ಣಿಗೆ ಬಿಡಲು ತುಪ್ಪ ತಂದರು. ನೆರೆಮನೆಯ ದೊಡ್ಡಮ್ಮ ಮಾತ್ರ, “ರಿಕ್ಷಾ ಮತ್ತೆ ಆಯಿತು ಮಾರಾಯ, ಮೊದಲು ನೀರು ಹೊಯ್ಯಿ!” ಎಂದು ಗದರಿದರು. ಅವರು ಕುಂದಾಪುರದ ಕಡೆ ಚಿಪ್ಪು ಸುಡುವ ಸುಣ್ಣದ ಭಟ್ಟಿಯ ಪಕ್ಕದಲ್ಲಿ ಬೆಳೆದವರು. ಮಗುವನ್ನು ಮೋರಿಯ ಬಳಿ ಮಲಗಿಸಿ, ರೆಪ್ಪೆ ಬಿಡಿಸಿ, ಚೊಂಬಿನ ಮೇಲೆ ಚೊಂಬು ನೀರು ಸುರಿದರು. ನಮ್ಮಲ್ಲಿ ನಲ್ಲಿ ಬರುವುದು ಬೆಳಗಿನ ಹೊತ್ತು ಮಾತ್ರ. ಪೀಪಾಯಿಯ ನೀರು ಮುಗಿಯಿತು; ಎರಡು ಮನೆಯವರು ತಮ್ಮ ಕೊಡಗಳನ್ನು ತಂದಿಟ್ಟರು.

ಆಸ್ಪತ್ರೆಯಲ್ಲಿ ವೈದ್ಯರು ರೆಪ್ಪೆ ಮಗುಚಿ, ಅಡಗಿದ್ದ ಸುಣ್ಣದ ಕಣಗಳನ್ನು ತೆಗೆದು ಮತ್ತೆ ತೊಳೆದರು. “ಮನೆಯಲ್ಲಿ ಹೊಯ್ದ ನೀರೇ ಈ ಕಣ್ಣನ್ನು ಉಳಿಸಿತು” ಎಂದರು.

ಆ ಮೇಲೆ ಕೇಳಿ, ಓದಿ ತಿಳಿದದ್ದನ್ನು ವಾಚಕರಿಗೆ ಒಪ್ಪಿಸುತ್ತೇವೆ. ಕಣ್ಣಿನ ಮುಂದಿರುವ ಗಾಜಿನಂಥ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನು ಹಾಲೊಡೆದಂತೆ ಗಟ್ಟಿಯಾಗಿ, ಸಾಧಾರಣವಾಗಿ ಅದೇ ಒಂದು ತಡೆಯಾಗುತ್ತದೆ. ಸುಣ್ಣವಾದರೋ ಕ್ಷಾರ. ಜೀವಕೋಶಗಳ ಕೊಬ್ಬನ್ನು ಸಾಬೂನಾಗಿಸಿ ದಾರಿ ಮಾಡಿಕೊಂಡು ಒಳಕ್ಕಿಳಿಯುತ್ತದೆ. ಸಾಲದ್ದಕ್ಕೆ ರೆಪ್ಪೆಯಡಿ ಅಂಟಿ ಕುಳಿತು ಸುಡುತ್ತಲೇ ಇರುತ್ತದೆ. ನಮ್ಮ ದೇಶದ ನೇತ್ರವೈದ್ಯರು ಮಕ್ಕಳ ಇಂಥ ಗಾಯಗಳನ್ನು ಕುರಿತು ಬರೆದ ವರದಿಗಳಲ್ಲಿ ಈ ಸುಣ್ಣದ ಪೊಟ್ಟಣ ಮತ್ತೆ ಮತ್ತೆ ಬರುತ್ತದೆ.

“ಕಣ್ಣು ಹೋದರೆ ದಾನದ ಕಣ್ಣು ಇದೆಯಲ್ಲ” ಎನ್ನಬಹುದು. ಡಾ. ರಾಜಕುಮಾರರು 2006ರಲ್ಲಿ, ಪುನೀತರು 2021ರಲ್ಲಿ ನೇತ್ರದಾನ ಮಾಡಿದ್ದು ಎಲ್ಲರಿಗೂ ನೆನಪಿದೆ. ಹಾಗೆ ಕಸಿ ಮಾಡುವುದು ಈ ಕಾರ್ನಿಯಾವನ್ನೇ. ಆದರೆ ಅದರ ಮೇಲ್ಪದರವನ್ನು ದಿನವೂ ಹೊಸದಾಗಿಸುವ ಮೂಲಕೋಶಗಳಿರುವುದು ಕಣ್ಣಿನ ಕಪ್ಪು ಬಿಳುಪು ಸೇರುವ ಅಂಚಿನಲ್ಲಿ. ಸುಣ್ಣ ಆ ಅಂಚನ್ನೇ ಸುಟ್ಟರೆ ಪಟಲ ಬೆಳ್ಳಗಾಗಿ ರಕ್ತನಾಳ ಹಬ್ಬುತ್ತದೆ. ದಾನದ ಕಾರ್ನಿಯಾವನ್ನು ಮಾತ್ರ ಕೂರಿಸಿದರೆ ಅದೂ ನಿಲ್ಲದು. ಒಂದು ಕಣ್ಣು ಚೆನ್ನಾಗಿದ್ದರೆ ಅದರ ಅಂಚಿನ ಸಣ್ಣ ಚೂರನ್ನು ತೆಗೆದು, ಬಿಡಿಬಿಡಿಯಾಗಿಸಿ, ಕೆಟ್ಟ ಕಣ್ಣಿಗೆ ನೆಡುವ ಸುಲಭ ಕ್ರಮವೊಂದನ್ನು ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಎರಡೂ ಕಣ್ಣು ಸುಟ್ಟ ಮಗುವಿಗೆ ಆ ಚೂರನ್ನು ಎಲ್ಲಿಂದ ತರುವುದು?

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಸುಣ್ಣವಾಗಲಿ, ಸಂಡಾಸು ತೊಳೆಯುವ ದ್ರವವಾಗಲಿ ಕಣ್ಣಿಗೆ ಬಿದ್ದರೆ ಮೊದಲು ನೀರು, ಆಮೇಲೆ ರಿಕ್ಷಾ. ಬಿದ್ದ ಕಣ್ಣನ್ನು ಕೆಳಬದಿಗಿಟ್ಟು, ರೆಪ್ಪೆ ಬಿಡಿಸಿ, ಅರ್ಧ ಗಂಟೆಯಾದರೂ ತೊಳೆಯಿರಿ. ಉಜ್ಜಬೇಡಿ. ತುಪ್ಪ, ಹಾಲು, ನಿಂಬೆರಸ ಬೇಡ. ಬಳಿಕ ನೋವು ತಗ್ಗಿದರೂ ವೈದ್ಯರಿಗೆ ತೋರಿಸದೆ ಬಿಡಬೇಡಿ.

ಮಗಳ ಕಣ್ಣಿನ ಅಂಚಿನಲ್ಲಿ ಮೋಡದಂಥ ಒಂದು ಚಿಕ್ಕ ಚುಕ್ಕೆ ಉಳಿದಿದೆ, ದೃಷ್ಟಿಗೆ ಅಡ್ಡಿಯಿಲ್ಲ. ತಾಯಿಯವರ ಹಿತ್ತಾಳೆಯ ಡಬ್ಬಿ ಊರಿನಿಂದ ಬಂದು, ಅವಳ ಕೈಗೆಟುಕದ ನಾಗಂದಿಗೆಯ ಮೇಲೆ ಕುಳಿತಿದೆ. ಪೊಟ್ಟಣ ಕೊಳ್ಳುವುದನ್ನು ನಾವು ಬಿಟ್ಟಿದ್ದೇವೆ.