ಹಿನ್ನೆಲೆಯಲ್ಲಿ ಪಾತ್ರೆ ತೊಳೆಯುವವರು ಯಾರು?

ಮಕ್ಕಳ ಕಾರ್ಟೂನುಗಳ ಬಗ್ಗೆ ನಾವು ಎತ್ತುವ ತಕರಾರು ಬಹುಮಟ್ಟಿಗೆ ಹೊಡೆದಾಟ ಮತ್ತು ಒರಟು ಮಾತಿಗೆ ಸೀಮಿತ. 2008ರಲ್ಲಿ ಭಾರತದಲ್ಲಿ ‘ಶಿನ್‌ಚಾನ್’ ಪ್ರಸಾರಕ್ಕೆ ತಡೆ ಬಿದ್ದದ್ದೂ ಆ ಪುಟ್ಟ ಹುಡುಗನ ವರ್ತನೆಯ ಕುರಿತ ಆಕ್ಷೇಪದಿಂದಲೇ. ಅವನ ಮನೆಯಲ್ಲಿ ಒಲೆ, ಕಸಬರಿಗೆ, ಗದರಿಕೆ ಮೂರೂ ಬಹುಪಾಲು ತಾಯಿಗೇ ಮೀಸಲಾಗಿರುವುದು ನಮ್ಮನ್ನು ಕಾಡಲಿಲ್ಲ. ನಮ್ಮ ಮನೆಗಳೂ ಹಾಗೆಯೇ ಇದ್ದವಲ್ಲ!

ಜಪಾನಿನಲ್ಲಿ 1979ರಲ್ಲಿ ಆರಂಭವಾದ ‘ಡೋರೇಮಾನ್’ ಸರಣಿಯ ವಿನ್ಯಾಸವೂ ಇದೇ. ನೊಬಿತಾನ ಅಂಕ ನೋಡಿ ಸಿಡಿಯುವವಳು ತಾಯಿ. ಕಚೇರಿಯಿಂದ ಮರಳುವ ತಂದೆ ಬಹುತೇಕ ಸೌಮ್ಯ. ಬೈಯುವ ಹೊಣೆಯನ್ನು ಒಬ್ಬಳಿಗೇ ಹೊರಿಸಿ, ಆಮೇಲೆ ಅವಳನ್ನೇ ಸಿಡುಕಿ ಎನ್ನುವುದು ಅನ್ಯಾಯವಲ್ಲವೇ?

ಬೇರೆ ಬಗೆಯೂ ಸಾಧ್ಯವೆಂಬುದಕ್ಕೆ ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಆರಂಭವಾದ ‘ಬ್ಲೂಯಿ’ ಸಾಕ್ಷಿ. ಅಲ್ಲಿನ ನಾಯಿ ಸಂಸಾರದಲ್ಲಿ ತಂದೆ, ತಾಯಿ ಇಬ್ಬರೂ ಉದ್ಯೋಗಸ್ಥರು. ತಂದೆ ಬ್ಯಾಂಡಿಟ್ ಮಕ್ಕಳೊಡನೆ ಮನಸಾರೆ ಆಡುತ್ತಾನೆ, ಮನೆಗೆಲಸಕ್ಕೂ ಹೆಗಲು ಕೊಡುತ್ತಾನೆ. ನೀಲಿ ಬಣ್ಣದ ಬ್ಲೂಯಿ ಹೆಣ್ಣುಮರಿ. ಬಣ್ಣ ನೋಡಿ ಗಂಡೆಂದುಕೊಳ್ಳುವುದು ನಮ್ಮ ಅಭ್ಯಾಸಬಲ.

ಆದರೂ ನನ್ನದೊಂದು ಅನುಮಾನ. ಮಕ್ಕಳೊಡನೆ ಕುಣಿಯುವ ತಂದೆಗೆ ನಾವು ಚಪ್ಪಾಳೆ ತಟ್ಟುತ್ತೇವೆ. ತಾಯಿ ಮಾಡಿದರೆ ಅದು ಕರ್ತವ್ಯವಷ್ಟೇ. ತಂದೆಯ ಲಾಲನೆ ಪಾಲನೆ ಪ್ರಶಂಸೆಯ ವಿಷಯವಾಗಿ ಉಳಿಯುವಷ್ಟು ಕಾಲ ಸಮಾನತೆ ದೂರವೇ. ಕಥೆಯ ನೀತಿ ಮರೆತುಹೋದರೂ, ಹಿನ್ನೆಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಯಾರೆಂಬುದು ಎಳೆಯ ಮನಸ್ಸಿನಲ್ಲಿ ಸದ್ದಿಲ್ಲದೆ ಉಳಿಯುತ್ತದೆ. ನಮ್ಮ ಕಾರ್ಟೂನು ನಿರ್ಮಾಪಕರು ಮೊದಲು ಆ ಹಿನ್ನೆಲೆಯನ್ನು ಬದಲಿಸಲಿ. ಯಾವ ನಿಷೇಧಕ್ಕಿಂತಲೂ ಅದು ಹೆಚ್ಚು ಫಲ ಕೊಟ್ಟೀತು.